ರಾಣಿಯರಿಗೆ ಒಡವೆಯಿತ್ತು, ಹೆಸರಿರಲಿಲ್ಲ

(ಕೊಪ್ಪಳದಲ್ಲಿ ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಸ್ಥರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಭೆಗೆ ವಿಷಯ ಗೊತ್ತುಮಾಡಿದಾಗ ನಮ್ಮ ಸಂಗಾತಿಯೊಬ್ಬರು ನಕ್ಕುಬಿಟ್ಟರು. "ಗಿರಣ್ಯಾಗ ಹಮಾಲಿ ದರದ ಜಗ್ಗಾಟ ನಡದೈತಿ, ಸಂತ್ಯಾಗ ಗಿರಾಕಿ ಇಲ್ಲ, ನೀವು ರಾಣ್ಯಾರ ಕಥಿ ಹೇಳಾಕ ಹೊಂಟೀರಲ್ಲ!" ಎಂದರು. ಅವರ ಮಾತು ನ್ಯಾಯವಾದದ್ದೇ. ಆದರೆ ರಾಣಿಯರ ಕಥೆಯನ್ನು ನಾವು ಹೊಸದಾಗಿ ಊರಿಗೆ ತರುತ್ತಿಲ್ಲ. ಅದು ಆಗಲೇ ನಮ್ಮ ಮನೆಯೊಳಗೆ ಬಂದು ಕೂತಿದೆ. 1981ರಲ್ಲಿ ಲಂಡನ್ನಿನ ಯುವರಾಜನ ಮದುವೆಯಾದಾಗ ಪತ್ರಿಕೆಗಳು ಪುಟಗಟ್ಟಲೆ ಚಿತ್ರ ಹಾಕಿದವು. 2011ರಲ್ಲಿ ಅವನ ಮಗನ ಮದುವೆಯಾದಾಗ ಚಹಾದಂಗಡಿಯ ಟಿ.ವಿ.ಯ ಮುಂದೆ ಜನ ನಿಂತು ನೋಡಿದರು. ಅಂಥ ಮೆರವಣಿಗೆ, ಅಂಥ ಮಂಟಪ ನಮ್ಮ ಮಗಳಿಗೂ ಆಗಬೇಕೆಂದು ಸಾಲ ತೆಗೆದವರು ನಮ್ಮ ನಡುವೆಯೇ ಇದ್ದಾರೆ. ಹೀಗಿರುವಾಗ ಆ ಮಂಟಪದಲ್ಲಿ ಕೂತ ಹೆಣ್ಣಿನ ಬಾಳು ಎಂಥದೆಂದು ಕೇಳುವ ಹಕ್ಕು ದುಡಿಯುವವರಿಗೆ ಇರಲೇಬೇಕು. ಸಾಲ ತೀರಿಸುವವರು ಅವರೇ ಅಲ್ಲವೇ?

ಲಂಡನ್ನಿಗೆ ಹೋಗುವ ಮೊದಲು ನಮ್ಮ ನೆಲದಿಂದಲೇ ಹೊರಡೋಣ.

ಗಂಗಾವತಿ ಸೀಮೆಯಲ್ಲಿ ಕುಮ್ಮಟದುರ್ಗವಿದೆ. ಕಂಪಿಲರಾಯನ ಕೋಟೆ, ಕುಮಾರರಾಮನ ಕೋಟೆ. 1327ರ ಸುಮಾರಿಗೆ ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ದಂಡು ಬಂದು ಈ ಅರಸೊತ್ತಿಗೆಯನ್ನು ಮುರಿಯಿತು. ಸುಲ್ತಾನನ ಮೇಲೆ ತಿರುಗಿಬಿದ್ದ ಬಹಾವುದ್ದೀನನಿಗೆ ಕಂಪಿಲರಾಯ ಆಶ್ರಯ ಕೊಟ್ಟದ್ದೇ ಕಾರಣ. ಮರೆಹೊಕ್ಕವನನ್ನು ಬಿಟ್ಟುಕೊಡದ ಅರಸನನ್ನು ನಾವು ಇಂದಿಗೂ ಹಾಡಿ ಹೊಗಳುತ್ತೇವೆ, ಅದು ಸರಿ. ಆದರೆ ಆ ಮಾತಿನ ಬೆಲೆ ಯಾರು ತೆತ್ತರು? ಕೆಲವು ವರ್ಷಗಳ ಮೇಲೆ ದೆಹಲಿಗೆ ಬಂದ ಇಬ್ನ್ ಬತೂತ ಎಂಬ ಪ್ರವಾಸಿ ಅದನ್ನು ಕೇಳಿ ತಿಳಿದು ಬರೆದಿದ್ದಾನೆ. ಕೋಟೆ ನಿಲ್ಲದೆಂದು ಕಂಡಾಗ ಅರಸ ದೊಡ್ಡ ಬೆಂಕಿ ಹಾಕಿಸಿದ. ತನ್ನ ಹೆಂಡಿರು ಮಕ್ಕಳನ್ನು ಕರೆದು, ತಾನು ಸಾಯಲಿದ್ದೇನೆ, ಒಪ್ಪುವವರು ಮುಂದಾಗಲಿ ಎಂದ. ಒಬ್ಬೊಬ್ಬರಾಗಿ ಸ್ನಾನ ಮಾಡಿ, ಗಂಧ ಹಚ್ಚಿಕೊಂಡು, ಅರಸನೆದುರು ನೆಲಕ್ಕೆ ಮುತ್ತಿಟ್ಟು ಬೆಂಕಿಗೆ ಬಿದ್ದರು. ಮಂತ್ರಿಗಳ, ಸರದಾರರ ಹೆಂಡಿರೂ ಹಾಗೆಯೇ ಮಾಡಿದರು.

ಅರಸ ಕಾದಾಡಿ ಸತ್ತ. ಅವನ ಹನ್ನೊಂದು ಜನ ಗಂಡುಮಕ್ಕಳು ಸೆರೆಯಾದರು. ಅವರು ಮತ ಬದಲಿಸಿ ಸುಲ್ತಾನನ ಆಸ್ಥಾನದಲ್ಲಿ ಅಮೀರರಾದರು. ಅವರಲ್ಲಿ ಮೂವರನ್ನು ಕಣ್ಣಾರೆ ಕಂಡೆನೆಂದು ಇಬ್ನ್ ಬತೂತ ಗುರುತು ಹೇಳಿ ಬರೆಯುತ್ತಾನೆ. ಬೆಂಕಿಗೆ ಬಿದ್ದ ಹೆಣ್ಣುಮಕ್ಕಳ ಪೈಕಿ ಒಬ್ಬಳ ಹೆಸರನ್ನೂ ಬರೆದಿಲ್ಲ. ಈ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಈ ಭಾಷಣ ಮುಗಿಯುವ ಮೊದಲು ಅದಕ್ಕೆ ಮತ್ತೆ ಬರತಕ್ಕದ್ದಿದೆ.

ಅದೇ ಕೋಟೆಯ ಒಬ್ಬ ರಾಣಿಯ ಹೆಸರು ಮಾತ್ರ ಕಥೆಯಲ್ಲಿ ಉಳಿದಿದೆ. ರತ್ನಾಜಿ, ಕುಮಾರರಾಮನ ಮಲತಾಯಿ. ಮಲಮಗನ ಮೇಲೆ ಮನಸ್ಸಿಟ್ಟ ಕೆಟ್ಟವಳೆಂದೇ ಆಕೆ ಖ್ಯಾತಳು. ಆದರೆ ಕಥೆಯ ಕೆಲವು ಪಾಠಗಳಲ್ಲಿ ಆಕೆಯ ಸಂಬಂಧ ಮೊದಲು ಬಂದದ್ದು ಮಗನಿಗಾಗಿ, ಮದುವೆಯಾದವನು ಮುದಿ ತಂದೆ! ಹುಡುಗಿಯನ್ನು ಕೇಳಿದರೇ? ಆ ಪ್ರಶ್ನೆ ಯಾವ ಬಯಲಾಟದಲ್ಲಿಯೂ ನಮ್ಮ ಕಿವಿಗೆ ಬಿದ್ದಿಲ್ಲ. ಒಟ್ಟಿನಲ್ಲಿ ಅರಮನೆಯ ಹೆಣ್ಣಿಗೆ ಹೆಸರು ಉಳಿಯಬೇಕಾದರೆ ಅಪಕೀರ್ತಿ ಬರಬೇಕಾಯಿತು.

ಇನ್ನು ಕುಷ್ಟಗಿಯ ಕಡೆಗೆ ಬನ್ನಿ. ಅಲ್ಲಿಂದ ತಾವರಗೇರಿ ದಾಟಿ ಲಿಂಗಸುಗೂರಿನ ದಾರಿ ಹಿಡಿದರೆ ಮುದಗಲ್ಲು ಸಿಗುತ್ತದೆ. ಒಂದನೆಯ ದೇವರಾಯ ವಿಜಯನಗರದ ಪಟ್ಟಕ್ಕೆ ಬಂದ 1406ರ ಹೊತ್ತಿನ ಒಂದು ಪ್ರಸಂಗವನ್ನು ಫೆರಿಷ್ತಾ ಎಂಬ ಇತಿಹಾಸಕಾರ ಹೇಳುತ್ತಾನೆ. ಮುದಗಲ್ಲಿನ ಒಬ್ಬ ಅಕ್ಕಸಾಲಿಗನಿಗೆ ಚೆಲುವೆಯಾದ, ಸಂಗೀತ ಬಲ್ಲ ಮಗಳಿದ್ದಳು. ಸುದ್ದಿ ಕೇಳಿದ ದೇವರಾಯ ಒಡವೆ, ಉಡುಗೊರೆಗಳ ಸಮೇತ ಹೇಳಿ ಕಳಿಸಿದ. ಕುಲುಮೆಯ ಮುಂದೆ ಕೂತು ಊದುವವನ ಮನೆಗೆ ಅರಸನ ಸಂಬಂಧ! ತಂದೆತಾಯಿ ಹಿಗ್ಗಿದರು. ಮಗಳು ಒಲ್ಲೆ ಎಂದಳು. ವಿಜಯನಗರದ ಅಂತಃಪುರ ಹೊಕ್ಕ ಹೆಣ್ಣು ಮತ್ತೆ ತನ್ನ ಹೆತ್ತವರ, ಒಡಹುಟ್ಟಿದವರ ಮುಖ ನೋಡುವಂತಿಲ್ಲ ಎಂಬುದೇ ಆಕೆ ಕೊಟ್ಟ ಕಾರಣ.

ಮುಂದೇನಾಯಿತು? ಅರಸನ ಕುದುರೆ ದಂಡು ಮುದಗಲ್ಲಿಗೆ ಬಂತು. ಅಕ್ಕಸಾಲಿಗನ ಮನೆಯವರು ಓಡಿಹೋಗಿದ್ದರು. ಬರಿಗೈಯಲ್ಲಿ ಮರಳಿದ ದಂಡು ದಾರಿಯ ಹಳ್ಳಿಗಳನ್ನು ಸುಲಿಯಿತು. ಇದೇ ನೆಪವಾಗಿ ಬಹಮನಿಯ ಫಿರೋಜ್ ಷಾಹ ಏರಿಬಂದ. ಯುದ್ಧದ ಕೊನೆಗೆ ಒಪ್ಪಂದವಾಯಿತು. ಏನೆಂದು? ದೇವರಾಯ ತನ್ನ ಮಗಳನ್ನು ಫಿರೋಜನಿಗೆ ಮದುವೆ ಮಾಡಿಕೊಡಬೇಕು, ಬಂಕಾಪುರದ ಕೋಟೆಯನ್ನು ಬಳುವಳಿಯಾಗಿ ಕೊಡಬೇಕು. ಅಕ್ಕಸಾಲಿಗನ ಮಗಳನ್ನೂ ಹುಡುಕಿ ತರಿಸಿ ಫಿರೋಜನ ಮಗನಿಗೆ ಮದುವೆ ಮಾಡಿದರು. ಒಲ್ಲೆ ಎಂದವಳೂ ಅರಮನೆಗೆ ಹೋದಳು. ಏನೂ ಅನ್ನಲು ಅವಕಾಶವೇ ಇಲ್ಲದಿದ್ದ ಅರಸನ ಮಗಳೂ ಹೋದಳು.

ಫೆರಿಷ್ತಾ ಇದನ್ನು ಬರೆದದ್ದು ಸುಮಾರು ಇನ್ನೂರು ವರ್ಷಗಳ ಮೇಲೆ. ಕಥೆಗೆ ಬಣ್ಣ ಸೇರಿರಬಹುದೆಂದು ಪಂಡಿತರು ಹೇಳುತ್ತಾರೆ. ಇರಲಿ. ಆದರೆ ಒಂದು ಗಮನಿಸಿ. ಅದರಲ್ಲಿ ಬಳುವಳಿ ಕೊಟ್ಟ ಕೋಟೆಯ ಹೆಸರು ಇದೆ, ಕೋಟೆಯ ಜತೆ ಹೋದ ರಾಜಕುಮಾರಿಯ ಹೆಸರು ಇಲ್ಲ. ಮತ್ತು ಆ ಮದುವೆಯಿಂದ ಶಾಂತಿಯೂ ಬರಲಿಲ್ಲ. ಬೀಳ್ಕೊಡುವಾಗ ಮಾವ ಅರ್ಧ ದಾರಿಯಿಂದಲೇ ಹಿಂತಿರುಗಿದನೆಂದು ಅಳಿಯ ಮುನಿಸಿಕೊಂಡ. ಹತ್ತು ಹನ್ನೆರಡು ವರ್ಷಗಳಲ್ಲಿ ಮತ್ತೆ ಯುದ್ಧ ಹೊತ್ತಿತು. ಗಡಿ ಹಳ್ಳಿಗಳು ಮತ್ತೆ ಬೆಂದವು.

ಅಂತಃಪುರದ ಒಳಗಿನ ಬಾಳು ಹೇಗಿತ್ತು? ಆನೆಗೊಂದಿಯ ಆಚೆ ದಡದಲ್ಲಿ ಮೆರೆದ ರಾಜಧಾನಿಯನ್ನು ಪರದೇಶದವರು ನೋಡಿ ಬರೆದಿಟ್ಟಿದ್ದಾರೆ. 1420ರ ಸುಮಾರಿಗೆ ಬಂದ ಇಟಲಿಯ ನಿಕೊಲೊ ಕೊಂಟಿ, ಅರಸನಿಗೆ ಹನ್ನೆರಡು ಸಾವಿರ ಹೆಂಡಿರೆಂದೂ, ಅವರಲ್ಲಿ ಎರಡು ಮೂರು ಸಾವಿರ ಜನರನ್ನು ಅರಸ ಸತ್ತಾಗ ಜತೆಯಲ್ಲಿ ಸುಟ್ಟುಕೊಳ್ಳಬೇಕೆಂಬ ಕರಾರಿನ ಮೇಲೆ ಆರಿಸಲಾಗಿತ್ತೆಂದೂ ಹೇಳುತ್ತಾನೆ. ಲೆಕ್ಕ ದೊಡ್ಡದಾಯಿತು, ಊಳಿಗದ ಹೆಂಗಸರನ್ನೆಲ್ಲ ಅವನು ಹೆಂಡಿರೆಂದು ಎಣಿಸಿರಬೇಕು. ಅರ್ಧಕ್ಕರ್ಧ ಕಳೆಯಿರಿ, ಆ ಅರ್ಧವನ್ನೂ ಅರ್ಧ ಮಾಡಿರಿ. ಆದರೂ ಆ ಕರಾರು ಕರಾರೇ. 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ತುಗೀಜ ಡೊಮಿಂಗೊ ಪೇಸ್ ಹೆಚ್ಚು ಎಚ್ಚರದಿಂದ ಬರೆಯುತ್ತಾನೆ. ಅರಸನಿಗೆ ಹನ್ನೆರಡು ಜನ ಕಟ್ಟಿಕೊಂಡ ಹೆಂಡಿರು, ಅವರಲ್ಲಿ ಮೂವರು ಪಟ್ಟದವರು. ಆ ಮೂವರ ಗಂಡುಮಕ್ಕಳಿಗೆ ಮಾತ್ರ ರಾಜ್ಯದ ಹಕ್ಕು. ಮೂವರಲ್ಲಿ ಒಬ್ಬಳು ಯುದ್ಧದಲ್ಲಿ ಸೋತ ಒರಿಸ್ಸಾದ ಅರಸನ ಮಗಳು. ಒಬ್ಬೊಬ್ಬ ರಾಣಿಗೂ ಪ್ರತ್ಯೇಕ ಮನೆ, ಹಣ, ಹೇರಳ ಒಡವೆ. ಆದರೆ ಹೊರಗೆ ಹೊರಟರೆ ಮುಚ್ಚಿದ ಪಲ್ಲಕ್ಕಿ, ಸುತ್ತಲೂ ನೂರಾರು ನಪುಂಸಕ ಕಾವಲುಗಾರರು. ಸಂತೆಗೆ ಹೋಗಿ ತನ್ನ ಕೈಯಾರೆ ಎರಡು ಬದನೆಕಾಯಿ ಆರಿಸಿಕೊಳ್ಳುವ ಸ್ವಾತಂತ್ರ್ಯ ಆ ರತ್ನಖಚಿತ ಹೆಣ್ಣಿಗೆ ಇರಲಿಲ್ಲ.

ಇಷ್ಟು ಕೇಳಿ ಕೆಲವರು ಹೇಳಿಯಾರು: ಇದು ನಮ್ಮ ದೇಶದ ಹಳೆಯ ಕಾಲದ ಮಾತು, ಯುರೋಪಿನಲ್ಲಿ ಹಾಗಿಲ್ಲ ಎಂದು. ಹಾಗಾದರೆ ಒಂದೇ ವರ್ಷವನ್ನು ತಕ್ಕೊಳ್ಳೋಣ. 1509. ಅದೇ ವರ್ಷ ಕೃಷ್ಣದೇವರಾಯ ವಿಜಯನಗರದ ಪಟ್ಟವೇರಿದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿ ಪಟ್ಟವೇರಿ ಸ್ಪೇನಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದ. ಈಕೆ 1501ರಲ್ಲಿ ತನ್ನ ಹದಿನೈದನೆಯ ವಯಸ್ಸಿನಲ್ಲಿ ಹೆನ್ರಿಯ ಅಣ್ಣನ ಹೆಂಡತಿಯಾಗಿ ಅಲ್ಲಿಗೆ ಬಂದವಳು. ಐದೇ ತಿಂಗಳಿಗೆ ಗಂಡ ತೀರಿಕೊಂಡ. ಮುಂದೆ ಏಳು ವರ್ಷ, ವರದಕ್ಷಿಣೆಯ ಬಾಕಿ ಕಂತಿಗಾಗಿ ಮಾವನೂ ತಂದೆಯೂ ಜಗ್ಗಾಡಿದರು. ಆಕೆ ಪರದೇಶದಲ್ಲಿ ಕೈಕಟ್ಟಿ ಕೂತಳು. ಕೊನೆಗೆ ಮೈದುನನ ಹೆಂಡತಿಯಾದಳು. ಬದುಕಿ ಉಳಿದದ್ದು ಒಂದು ಹೆಣ್ಣುಮಗು ಮಾತ್ರ. ಗಂಡು ಹೆರಲಿಲ್ಲವೆಂದು 1533ರಲ್ಲಿ ಆಕೆಯನ್ನು ತಳ್ಳಿಹಾಕಿದರು. ಆಕೆಯ ಜಾಗಕ್ಕೆ ಬಂದ ಆನ್ ಬೊಲಿನ್ ಕೂಡ ಹೆಣ್ಣು ಹೆತ್ತಳು. 1536ರಲ್ಲಿ ಆಕೆಯ ತಲೆ ತೆಗೆಸಿದರು. ತಮಾಷೆ ನೋಡಿ: ಬೇಡವಾಗಿದ್ದ ಆ ಇಬ್ಬರು ಹೆಣ್ಣುಮಕ್ಕಳೇ ಮುಂದೆ ಇಂಗ್ಲೆಂಡನ್ನು ಆಳಿದ ಮೇರಿ ಮತ್ತು ಎಲಿಜಬೆತ್.

1770ರಲ್ಲಿ ಆಸ್ಟ್ರಿಯಾದ ಮಾರಿ ಆಂಟೊನೆಟ್ ಎಂಬ ಹದಿನಾಲ್ಕರ ಹುಡುಗಿಯನ್ನು ಫ್ರಾನ್ಸಿಗೆ ಕಳಿಸಿದರು. ಹಳೆಯ ಶತ್ರುಗಳ ಹೊಸ ಸ್ನೇಹಕ್ಕೆ ಆಕೆ ಜಾಮೀನು. ರೈನ್ ನದಿಯ ನಡುಗಡ್ಡೆಯಲ್ಲಿ ತವರಿನ ಉಡುಪು ಕಳಚಿಸಿ ಫ್ರಾನ್ಸಿನ ಉಡುಪು ಉಡಿಸಿದರು, ತವರಿನ ಜನರನ್ನು ಅಲ್ಲಿಂದಲೇ ಹಿಂದೆ ಕಳಿಸಿದರು. ಎಂಟು ವರ್ಷ ಮಕ್ಕಳಾಗದೆ ಇದ್ದಾಗ ಆಕೆಯ ಬಸಿರಿನ ಸುದ್ದಿ ದೇಶದೇಶಗಳ ರಾಯಭಾರಿಗಳು ಕಾಗದ ಬರೆಯುವ ವಿಷಯವಾಯಿತು.

ಇಲ್ಲಿ ನಮ್ಮ ಕರುಣೆಗೂ ಒಂದು ಮೇರೆ ಇರಬೇಕೆಂಬುದನ್ನು ಮರೆಯತಕ್ಕದ್ದಲ್ಲ. ಆಕೆ ಧರಿಸಿದ ಒಡವೆಗಳ ಹಣ ರೈತನ ಕಂದಾಯದ ಹಣ. 1789ರ ಅಕ್ಟೋಬರ್ 5ರಂದು ಪ್ಯಾರಿಸಿನ ಸಾವಿರಾರು ಹೆಂಗಸರು ರೊಟ್ಟಿ ಸಿಕ್ಕದೆ ಬೀದಿಗೆ ಬಂದರು. ಅವರಲ್ಲಿ ಮುಂದಾಳುಗಳು ಯಾರು? ಮೀನು, ತರಕಾರಿ ಮಾರುವ ಸಂತೆಯ ಹೆಂಗಸರು, ಈ ಸಭೆಯಲ್ಲಿ ಕೂತಿರುವ ನಮ್ಮ ತಾಯಂದಿರಂಥವರು. ಮಳೆಯಲ್ಲಿ ನೆನೆಯುತ್ತ ವರ್ಸೇಲ್ಸಿನ ಅರಮನೆಗೆ ನಡೆದು, ಮರುದಿನ ರಾಜನನ್ನೂ ರಾಣಿಯನ್ನೂ ಪ್ಯಾರಿಸಿಗೆ ಕರೆತಂದರು. 1793ರಲ್ಲಿ ರಾಣಿಯ ತಲೆ ಹೋಯಿತು. ತಲೆ ತೆಗೆದದ್ದನ್ನು ನಾವು ಹೊಗಳುವುದಿಲ್ಲ. ಆದರೆ ಹದಿನಾಲ್ಕರ ಹುಡುಗಿಯನ್ನು ಜಾಮೀನು ಇಟ್ಟವರು ಒಬ್ಬರು, ಆ ಜಾಮೀನಿಗೆ ತಲೆ ಕೊಟ್ಟವಳು ಮತ್ತೊಬ್ಬಳು.

ಯುರೋಪಿನ ಈ ನೆರಳು ನಮ್ಮ ಸೀಮೆಯ ಮೇಲೂ ಬಿದ್ದಿತ್ತು. 1931ರಲ್ಲಿ ಗಂಗಾವತಿ, ಕುಷ್ಟಗಿ ನಿಜಾಮರ ರಾಯಚೂರು ಜಿಲ್ಲೆಗೆ ಸೇರಿದ್ದವು. ಕೊಪ್ಪಳ, ಯಲಬುರ್ಗಾ ಸಾಲಾರಜಂಗರ ಜಹಗೀರು. ಆ ವರ್ಷದ ನವೆಂಬರಿನಲ್ಲಿ ನಿಜಾಮರ ಇಬ್ಬರು ಗಂಡುಮಕ್ಕಳ ಮದುವೆ ಫ್ರಾನ್ಸಿನ ನೀಸ್ ನಗರದಲ್ಲಿ ಆಯಿತು. ವಧುಗಳು ತುರ್ಕಸ್ತಾನದ ಉಸ್ಮಾನಿ ರಾಜಮನೆತನದವರು. ಹಿರಿಯ ಸೊಸೆ ದುರ್ರು ಶೆಹವಾರ್ ಕೊನೆಯ ಖಲೀಫನ ಮಗಳು, ಹದಿನೇಳು ವರ್ಷ. ಕಿರಿಯ ಸೊಸೆ ನಿಲೋಫರ್, ಹದಿನೈದು ವರ್ಷ. 1924ರಲ್ಲಿ ತುರ್ಕಸ್ತಾನ ಆ ಮನೆತನವನ್ನು ಗಡೀಪಾರು ಮಾಡಿತ್ತು. ನಿಜಾಮರು ಕೊಡುತ್ತಿದ್ದ ಮಾಸಾಶನದ ಮೇಲೆ ಖಲೀಫನ ಸಂಸಾರ ನಡೆಯುತ್ತಿತ್ತು. ಮದುವೆಯ ಬಗೆಯನ್ನು ಇಷ್ಟರಲ್ಲಿಯೇ ತಿಳಿದುಕೊಳ್ಳಬಹುದು.

ನಿಲೋಫರಳಿಗೆ ಮಕ್ಕಳಾಗಲಿಲ್ಲ. ಗಂಡ ಇನ್ನೊಂದು ಮದುವೆಯಾದ. 1952ರಲ್ಲಿ ವಿಚ್ಛೇದನವಾಗಿ ಆಕೆ ಪ್ಯಾರಿಸಿನಲ್ಲಿ ನೆಲೆಸಿದಳು. ಆದರೆ ಒಂದು ಕೆಲಸವನ್ನು ಆಕೆಯ ಹೆಸರಿನಲ್ಲಿ ಹೇಳಲೇಬೇಕು. ತನ್ನ ಊಳಿಗದ ಹೆಣ್ಣೊಬ್ಬಳು ಸರಿಯಾದ ಆಸ್ಪತ್ರೆಯಿಲ್ಲದೆ ಹೆರಿಗೆಯಲ್ಲಿ ಸತ್ತಾಗ, ಇನ್ನು ಯಾವ ಬಡವಿಯೂ ಹೀಗೆ ಸಾಯಬಾರದೆಂದು ಹಟ ಹಿಡಿದಳು. 1953ರಲ್ಲಿ ಹೈದರಾಬಾದಿನಲ್ಲಿ ತೆರೆದ ನಿಲೋಫರ್ ಆಸ್ಪತ್ರೆ ಇಂದಿಗೂ ತಾಯಿ ಮಕ್ಕಳನ್ನು ನೋಡಿಕೊಳ್ಳುತ್ತಿದೆ. ಆಕೆಯ ಹೆಸರು ಉಳಿದದ್ದು ವಂಶಾವಳಿಯಲ್ಲಲ್ಲ, ಬಡ ಹೆಂಗಸರ ಬಾಯಲ್ಲಿ.

"ಕಿತ್ತೂರ ಚೆನ್ನಮ್ಮ ಇರಲಿಲ್ಲವೇ?" ಎಂದು ಕೇಳುವಿರಿ. ಇದ್ದಳು, ನಮ್ಮೆಲ್ಲರ ಹೆಮ್ಮೆ. ಆದರೆ 1824ರಲ್ಲಿ ಆಕೆ ಕತ್ತಿ ಹಿಡಿಯಬೇಕಾದ ಕಾರಣವೇನು? ಗಂಡು ವಾರಸುದಾರನಿಲ್ಲದ ಸಂಸ್ಥಾನವೆಂದು, ದತ್ತಕ ಒಪ್ಪುವುದಿಲ್ಲವೆಂದು ಕಂಪನಿ ಸರಕಾರ ಹೇಳಿತು. ಆಡಳಿತ ಬಲ್ಲ ರಾಣಿ ಎದುರಿಗೇ ನಿಂತಿದ್ದರೂ ಕಂಪನಿಯ ಕಣ್ಣಿಗೆ ಸಿಂಹಾಸನ ಖಾಲಿಯಾಗಿ ಕಂಡಿತು! 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಆಕೆ ತೀರಿಕೊಂಡಳು.

ಹಾಗಾದರೆ ಸಾರಾಂಶವೇನು? ಅರಮನೆ ಹೆಣ್ಣಿಗೆ ಒಡವೆಯನ್ನು ಧಾರಾಳವಾಗಿ ಕೊಟ್ಟಿತು, ಪಾಲನ್ನು ಕೊಡಲಿಲ್ಲ. ಮೈತುಂಬ ಬಂಗಾರ ಹೇರಿತು. ದಫ್ತರದಲ್ಲಿ ಹೆಸರು ಬರೆಯಲಿಲ್ಲ. ಇದು ಬಹಳ ಹಳೆಯ ಮಾತೇನಲ್ಲ. ಇಂಗ್ಲೆಂಡಿನ ಎರಡನೆಯ ಎಲಿಜಬೆತ್ ರಾಣಿಯ ಮಗಳು ಆನ್ 1950ರಲ್ಲಿ ಹುಟ್ಟಿದವಳು. ಅವಳ ಬೆನ್ನಿಗೆ 1960ರಲ್ಲಿ, 1964ರಲ್ಲಿ ಹುಟ್ಟಿದ ಇಬ್ಬರು ತಮ್ಮಂದಿರೂ ಪಟ್ಟದ ಸಾಲಿನಲ್ಲಿ ಅವಳನ್ನು ದಾಟಿ ಮುಂದೆ ನಿಂತರು. ಸ್ವೀಡನ್ 1980ರಲ್ಲಿ ಈ ಭೇದ ತೆಗೆಯಿತು. ಇಂಗ್ಲೆಂಡ್ ಅದನ್ನು ತೆಗೆದದ್ದು 2013ರ ಕಾಯಿದೆಯಿಂದ, ಅದೂ 2011ರ ಅಕ್ಟೋಬರಿನ ಮೇಲೆ ಹುಟ್ಟಿದವರಿಗೆ ಮಾತ್ರ.

ಈಗ ನಮ್ಮ ಕಡೆ ನೋಡಿ. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು ಕರ್ನಾಟಕ 1994ರಲ್ಲಿಯೇ ಕಾಯಿದೆ ಮಾಡಿತು. ಅದಕ್ಕೂ ಮೊದಲು ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರ ಕಾಯಿದೆ ಆ ಕೊರತೆಯನ್ನು ತುಂಬಿತು. ತಂದೆ 2005ಕ್ಕಿಂತ ಮೊದಲೇ ತೀರಿದ್ದರೂ ಮಗಳ ಹಕ್ಕು ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಮುಸಲ್ಮಾನ ಬಂಧುಗಳಲ್ಲಿ ಹೆಣ್ಣಿನ ಪಾಲನ್ನು ಅವರ ಧರ್ಮಶಾಸ್ತ್ರವೇ ಗೊತ್ತುಮಾಡಿದೆ. ಅದು ಕೈಗೆ ಬರದ ಮನೆಗಳು ಅಲ್ಲಿಯೂ ಇವೆ. ಅಂದರೆ ಯಲಬುರ್ಗಾದ ಎರಡು ಎಕರೆ ಎರೆಹೊಲದ ಒಕ್ಕಲಿನ ಮಗಳಿಗೆ ಕಾಗದದ ಮೇಲೆ ಸರಿಪಾಲು ಸಿಕ್ಕದ್ದು ಇಂಗ್ಲೆಂಡಿನ ರಾಜಕುಮಾರಿಗಿಂತ ಮೊದಲು!

ಆದರೆ ನಾವು ಮಾಡಿದ್ದೇನು? ಇಲ್ಲಿ ಬೇರೆಯವರನ್ನು ದೂರುವಂತಿಲ್ಲ, ನಮ್ಮ ತಪ್ಪನ್ನೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಸಂಬಂಧಿಕರ ಮನೆಯಲ್ಲಿ ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು. ಕೊಟ್ಟ ಊರಿನಿಂದ ತಂಗಿಯನ್ನು ಕರೆಸಿದರು. ಹೊಸ ಇಳಕಲ್ ಸೀರೆ, ಅರಿಷಿಣ ಕುಂಕುಮ, ಹೋಳಿಗೆ ಊಟ. ಊಟವಾದ ಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ. ಆಕೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಳ್ಳುತ್ತ, "ಇದರಾಗ ಏನ್ ಬರದೈತ್ರಿ ಅಣ್ಣಾರ?" ಎಂದು ನಮ್ಮನ್ನೇ ಕೇಳಿದಳು. "ಏನಿಲ್ಲವಾ, ಕಾಯಿದೆಯ ಕಾಗದ" ಎಂದೆವು. ಸಾಕ್ಷಿಯೆಂದು ಕೆಳಗೆ ಸಹಿ ಮಾಡಿದವರು ನಾವೇ. ಎರಡು ವರ್ಷಕ್ಕೆ ಆಕೆಯ ಗಂಡ ಸತ್ತ. ಈಗ ಆಕೆ ಬಿಸಿಲಲ್ಲಿ ಇನ್ನೊಬ್ಬರ ಹೊಲದಲ್ಲಿ ಹತ್ತಿ ಬಿಡಿಸುತ್ತಾಳೆ. ತಂದೆಯ ಹೊಲದ ಬದುವಿನ ಮೇಲೆ ಹಾದುಹೋಗುತ್ತಾಳೆ. ಆ ಹೊಲದ ಪಹಣಿಯಲ್ಲಿ ಆಕೆಯ ಹೆಸರಿಲ್ಲ. ಕುಮ್ಮಟದ ಹೆಣ್ಣುಮಕ್ಕಳ ಹೆಸರು ಬರೆಯದವನು ಪರದೇಶಿ ಪ್ರವಾಸಿ. ಈ ತಂಗಿಯ ಹೆಸರನ್ನು ಅಳಿಸಿದವರು ಒಡಹುಟ್ಟಿದವರು ಮತ್ತು ನಾವು.

ಹದಿನಾಲ್ಕು, ಹದಿನೈದರ ರಾಜಕುಮಾರಿಯರ ಮದುವೆಯ ಮಾತು ಕೇಳಿ ನೀವು ಮರುಗಿದಿರಿ. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯಿದೆಯಂತೆ ಅಪರಾಧ. ಆದರೂ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಮೊದಲೇ ಶಾಲೆ ಬಿಡಿಸಿ, ಸೋದರಮಾವನಿಗೆ ಕೊಟ್ಟು ಹೊಲ ಮನೆಯಲ್ಲೇ ಉಳಿಸಿಕೊಳ್ಳುವುದು ನಮ್ಮ ಭಾಗದಲ್ಲಿ ಇನ್ನೂ ನಿಂತಿಲ್ಲ. ಬಂಕಾಪುರದ ಕೋಟೆಗಾಗಿ ಮಗಳನ್ನು ಕೊಟ್ಟ ಅರಸನಿಗೂ, ನಾಲ್ಕು ಎಕರೆಗಾಗಿ ಮಗಳನ್ನು ಕೊಡುವ ನಮಗೂ ವ್ಯತ್ಯಾಸ ಎಕರೆಯದು ಮಾತ್ರ.

ಆದ್ದರಿಂದ ಬಂಧುಗಳೇ, ಈ ಸಭೆಯಿಂದ ದೊಡ್ಡ ಠರಾವು ಬೇಡ. ಮೂರು ಸಣ್ಣ ಮಾತು ಸಾಕು. ಮಗಳ ಮದುವೆಗೆಂದು ಅರಮನೆಯ ಮಂಟಪ ನೋಡಿ ಸಾಲ ತೆಗೆಯುವುದಿಲ್ಲ. ಹದಿನೆಂಟು ತುಂಬುವ ಮೊದಲು, ಆಕೆಯ ಮಾತು ಕೇಳುವ ಮೊದಲು, ಅಕ್ಕಿಕಾಳು ಹಾಕಲು ಹೋಗುವುದಿಲ್ಲ. ತಂಗಿಯ ಹೆಬ್ಬೆಟ್ಟು ಒತ್ತಿಸುವ ಕಾಗದವನ್ನು ಮೊದಲು ಆಕೆಗೆ ಪೂರ್ತಿ ಓದಿ ಹೇಳುತ್ತೇವೆ. ಓದಿ ಹೇಳಲು ನಾಚಿಕೆಯಾದರೆ ಆ ಕಾಗದವನ್ನು ಹರಿದುಹಾಕುತ್ತೇವೆ.

ಮುದಗಲ್ಲಿನ ಅಕ್ಕಸಾಲಿಗನ ಮಗಳು ಒಡವೆ ತುಂಬಿದ ಹರಿವಾಣವನ್ನು ನೋಡಿ ಒಲ್ಲೆ ಎಂದಳು. ಆರುನೂರು ವರ್ಷಗಳ ಹಿಂದೆ ಆ ಮಾತಿಗೆ ಯಾವ ಕಾಯಿದೆಯ ಬಲವೂ ಇರಲಿಲ್ಲ, ದಂಡು ಬಂತು. ಇಂದು ನಮ್ಮ ಮಗಳು ಒಲ್ಲೆ ಎಂದರೆ ಕಾಯಿದೆ ಆಕೆಯ ಕಡೆಗಿದೆ. ಆಕೆಯ ಬಾಗಿಲಿಗೆ ದಂಡಾಗಿ ಬರುವವರು ನಾವಾಗಬಾರದು, ಅಷ್ಟೇ.